ಅವಧಾನಲೋಪದ ಇತಿಹಾಸವೂ ಬೆಂಗಳೂರಿನ ಆಶ್ರಯಗಳೂ

೧

‘ಅವಧಾನ’ವೆಂಬ ಶಬ್ದವು ನಮ್ಮಲ್ಲಿ ಎರಡು ಅರ್ಥಗಳಲ್ಲಿ ನಡೆದುಬಂದಿದೆ. ಮನಸ್ಸನ್ನು ಒಂದು ವಿಷಯದಲ್ಲಿ ನಿಲ್ಲಿಸುವುದು ಮೊದಲನೆಯ ಅರ್ಥ. ಎಂಟು ಮಂದಿ ಪೃಚ್ಛಕರ ಪ್ರಶ್ನೆಗಳನ್ನು ಏಕಕಾಲದಲ್ಲಿ ಧಾರಣೆಯಲ್ಲಿಟ್ಟುಕೊಂಡು ಉತ್ತರವೀಯುವ ವಿದ್ವತ್ಕ್ರೀಡೆಯು ಎರಡನೆಯದು. ಆ ಕ್ರೀಡೆಯ ಸಭೆಯಲ್ಲಿ ಅಪ್ರಸ್ತುತಪ್ರಸಂಗಿಯೆಂಬವನೊಬ್ಬನು ಇರುತ್ತಾನೆ. ನಡುನಡುವೆ ಸಂಬಂಧವಿಲ್ಲದ ಮಾತುಗಳನ್ನೆತ್ತಿ ಅವಧಾನಿಯ ಮನಸ್ಸನ್ನು ಕದಲಿಸುವುದೇ ಅವನ ಕೆಲಸ. ಅವನ ಕೀಟಲೆಯನ್ನು ಗೆದ್ದ ಅವಧಾನಿಯನ್ನು ಸಭೆಯು ಕೊಂಡಾಡುತ್ತದೆ. ಆದರೆ ಅಪ್ರಸ್ತುತಪ್ರಸಂಗಿಯು ಸಭೆಯಲ್ಲಿರದೆ ತನ್ನ ತಲೆಯೊಳಗೇ ಹುಟ್ಟಿನಿಂದ ಕುಳಿತಿರುವ ಬಾಲಕನ ಪಾಡೇನು? ಅವನನ್ನು ಯಾರೂ ಕೊಂಡಾಡುವುದಿಲ್ಲ. ಸೋಮಾರಿಯೆಂದು ಮೇಷ್ಟರೂ, ಹಟಮಾರಿಯೆಂದು ತಂದೆಯೂ, ಮುದ್ದಿನಿಂದ ಕೆಡಿಸಿದಳೆಂದು ತಾಯಿಯನ್ನು ನೆಂಟರೂ ಬಯ್ಯುತ್ತಾರೆ.

ಇಂತಹ ಮನಃಸ್ಥಿತಿಯನ್ನು ಈಗಿನ ವೈದ್ಯರು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯೆಂದು ಕರೆಯುತ್ತಾರೆ, ಎ.ಡಿ.ಎಚ್.ಡಿ. ಎಂಬ ನಾಲ್ಕಕ್ಷರಗಳ ಹೆಸರು ಪೇಟೆಯ ಮನೆಗಳಲ್ಲಿ ಈಗ ಕೇಳಿಬರುತ್ತಿದೆ. ಈ ಲೇಖನದಲ್ಲಿ ಸಂಕ್ಷೇಪಕ್ಕಾಗಿ ಅದನ್ನು ‘ಅವಧಾನಲೋಪ’ವೆಂದು ಹೇಳುತ್ತೇನೆ. ಈ ಸ್ಥಿತಿಗೆ ಹೆಸರು ದೊರೆತ ಬಗೆ, ಆ ಹೆಸರಿನೊಡನೆ ನೆರವು ಬಂದ ಬಗೆ, ನಮ್ಮ ಹೆಬ್ಬಾಳದ ಕಡೆಯ ಗೃಹಸ್ಥರು ಆ ನೆರವನ್ನು ಅರಸಬೇಕಾದ ಸ್ಥಳ, ಈ ಮೂರನ್ನು ಯಥಾಮತಿ ನಿರೂಪಿಸುವುದೇ ಇಲ್ಲಿಯ ಉದ್ದೇಶವು.

೨

ಚಿತ್ತದ ಚಾಂಚಲ್ಯವು ನಮ್ಮ ಶಾಸ್ತ್ರಕಾರರಿಗೆ ಅಪರಿಚಿತವಾದುದಲ್ಲ. ಯೋಗಸೂತ್ರಗಳಿಗೆ ಬರೆದ ವ್ಯಾಸಭಾಷ್ಯದಲ್ಲಿ ಚಿತ್ತಕ್ಕೆ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂಬ ಐದು ಭೂಮಿಗಳನ್ನು ಹೇಳಿದೆ. ಪತಂಜಲಿಯು ಚಿತ್ತವಿಕ್ಷೇಪಕ್ಕೆ ಕಾರಣವಾದ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ವ್ಯಾಧಿಯನ್ನು ಮೊದಲಲ್ಲಿಟ್ಟು, ಪ್ರಮಾದ, ಆಲಸ್ಯ ಇವುಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದಾನೆ. ಈ ವಿಂಗಡಣೆಯು ಗಮನಿಸತಕ್ಕದ್ದು. ಮನಸ್ಸು ನಿಲ್ಲದಿರುವುದಕ್ಕೆ ಸೋಮಾರಿತನವೊಂದೇ ಕಾರಣವೆಂದು ಆತನು ಹೇಳಲಿಲ್ಲ. ದೇಹದ ಅಸ್ವಾಸ್ಥ್ಯವು ಬೇರೆ, ಆಲಸ್ಯವು ಬೇರೆ. ಚರಕಸಂಹಿತೆಯಾದರೋ ಮನಸ್ಸು ಅಣುವಾದದ್ದು, ಒಂದೇ ಆದದ್ದು ಎಂದು ಅದರ ಗುಣಗಳನ್ನು ನಿರ್ದೇಶಿಸುತ್ತದೆ.

ಹೀಗೆಂದ ಮಾತ್ರಕ್ಕೆ ಈಗಿನ ವೈದ್ಯರು ಕಂಡದ್ದನ್ನೆಲ್ಲ ನಮ್ಮ ಪೂರ್ವಿಕರು ಆಗಲೇ ಕಂಡಿದ್ದರೆಂದು ಹೆಮ್ಮೆಪಡುವುದು ಸರಿಯಲ್ಲ. ಯೋಗಶಾಸ್ತ್ರವು ಹೇಳಿದ್ದು ಸಾಧಕನ ಚಿತ್ತವನ್ನು ಕುರಿತು; ಮಗ್ಗಿಯನ್ನು ಬರೆಯಲಾರದೆ ಕಿಟಕಿಯಾಚೆ ನೋಡುವ ಎಂಟು ವರ್ಷದ ಹುಡುಗನನ್ನು ಕುರಿತಲ್ಲ. ಆದರೂ ಪಾಠಶಾಲೆಗಳ ಸಂಪ್ರದಾಯದಲ್ಲಿ ಇಂತಹ ಹುಡುಗನಿಗೆ ಅನುಕೂಲವಾದ ಕೆಲವು ಅಂಶಗಳಿದ್ದವು. ಸಂಥೆ ಹೇಳುವಾಗ ಶಿಷ್ಯರು ಕೆಲವರೇ. ಗುರುವು ಒಂದು ತುಣುಕನ್ನು ಹೇಳಿದರೆ ಶಿಷ್ಯನು ಅದನ್ನು ಎರಡಾವೃತ್ತಿ ಹೇಳಬೇಕು. ಶುಕ್ಲಯಜುರ್ವೇದಿಗಳಲ್ಲಿ ಸ್ವರವನ್ನು ಹಸ್ತಚಾಲನೆಯಿಂದ ತೋರಿಸುವ ಪದ್ಧತಿಯಿರುವುದರಿಂದ ಕೈಗೂ ಕೆಲಸವುಂಟು. ಪಾಠವನ್ನು ಚಿಕ್ಕದಾಗಿ ಒಡೆಯುವುದು, ಒಡನೆಯೇ ಪುನರುಕ್ತಿ ಮಾಡಿಸುವುದು, ಗುರುವಿನ ಎದುರಿಗೆ ಕುಳ್ಳಿರಿಸುವುದು, ದೇಹಕ್ಕೆ ಚಲನೆಯನ್ನು ಕೊಡುವುದು, ಇವೇ ನಾಲ್ಕನ್ನು ಅವಧಾನಲೋಪವುಳ್ಳ ಮಕ್ಕಳಿಗಾಗಿ ಈಗಿನ ತಜ್ಞರೂ ಉಪಾಧ್ಯಾಯರಿಗೆ ಹೇಳುತ್ತಾರೆ. ಅದೇ ಪಾಠಶಾಲೆಗಳಲ್ಲಿ ಬೆತ್ತವೂ ಇದ್ದಿತೆಂಬುದನ್ನು ಮರೆಯಬಾರದು. ಅನುಕೂಲವು ಪದ್ಧತಿಯಲ್ಲಿತ್ತು, ತಿಳಿವಳಿಕೆಯಲ್ಲಿ ಇರಲಿಲ್ಲ.

೩

ಈ ಸ್ಥಿತಿಯನ್ನು ವೈದ್ಯದೃಷ್ಟಿಯಿಂದ ವರ್ಣಿಸಿದವರಲ್ಲಿ ಮೊದಲಿಗರೆಂದು ಎಣಿಕೆಯಾದವರು ಇಬ್ಬರು. ಜರ್ಮನಿಯ ಮೆಲ್ಕಿಯೋರ್ ಆಡಮ್ ವೈಕಾರ್ಡ್ ಎಂಬ ವೈದ್ಯನು ೧೭೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಮನದ ಅಭಾವವನ್ನು ಕುರಿತು ಬರೆದನು. ಸ್ಕಾಟ್ಲೆಂಡಿನವನಾದ ಅಲೆಗ್ಸಾಂಡರ್ ಕ್ರೈಟನ್ನನು ೧೭೯೮ರಲ್ಲಿ ಮನೋವಿಕಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಅವಧಾನಕ್ಕೂ ಅದರ ರೋಗಗಳಿಗೂ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಮನಸ್ಸನ್ನು ಒಂದೆಡೆ ಸ್ಥಿರವಾಗಿ ನಿಲ್ಲಿಸಲಾರದ ಸ್ವಭಾವವು ಹುಟ್ಟಿನಿಂದಲೇ ಬರಬಹುದೆಂದು ಹೇಳಿದ ಆತನ ಮಾತು ನೂರು ವರ್ಷಗಳವರೆಗೆ ಯಾರ ಗಮನಕ್ಕೂ ಬೀಳಲಿಲ್ಲ.

೧೯೦೨ರಲ್ಲಿ ಲಂಡನ್ ನಗರದ ರಾಜಕೀಯ ವೈದ್ಯವಿದ್ಯಾಲಯದಲ್ಲಿ ಜಾರ್ಜ್ ಸ್ಟಿಲ್ ಎಂಬ ಶಿಶುವೈದ್ಯನು ಉಪನ್ಯಾಸಗಳನ್ನು ಕೊಟ್ಟು, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ವರ್ಣಿಸಿದನು. ಒಳ್ಳೆಯ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿಯೂ ಇದನ್ನು ಕಂಡುದರಿಂದ ತಂದೆತಾಯಿಗಳ ಪೋಷಣೆಯೇ ಕಾರಣವೆಂಬ ವಾದವು ಸಡಿಲವಾಯಿತು. ಆದರೆ ಆತನು ಕೊಟ್ಟ ಹೆಸರು ನೈತಿಕ ನಿಗ್ರಹದ ದೋಷವೆಂಬುದು! ರೋಗವನ್ನು ಕಂಡ ಕಣ್ಣು ಹೊಸದಾಗಿದ್ದರೂ ಹೆಸರಿಟ್ಟ ನಾಲಗೆಯು ಹಳೆಯದಾಗಿಯೇ ಇದ್ದಿತು.

ಔಷಧವು ದೊರೆತದ್ದು ಅನಿರೀಕ್ಷಿತವಾಗಿ. ೧೯೩೭ರಲ್ಲಿ ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ೩೦ ಮಕ್ಕಳಿಗೆ ಕೊಟ್ಟು ನೋಡಲು, ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಪಾಠದಲ್ಲಿ ಆಶ್ಚರ್ಯಕರವಾಗಿ ಮುಂದುವರಿದರು. ಎಚ್ಚರಗೊಳಿಸುವ ಔಷಧದಿಂದ ಚಂಚಲನಾದ ಹುಡುಗನು ಶಾಂತನಾಗುವುದು ವಿರೋಧಾಭಾಸದಂತೆ ತೋರಬಹುದು. ತಡೆಯುವ ಶಕ್ತಿಯೇ ಮಿದುಳಿನಲ್ಲಿ ತೂಕಡಿಸುತ್ತಿದ್ದರೆ ಅದನ್ನು ಎಬ್ಬಿಸಿದಾಗ ಕುದುರೆಗೆ ಕಡಿವಾಣ ಬಿದ್ದಂತಾಗುವುದೆಂದು ತಿಳಿದರೆ ವಿರೋಧವು ಪರಿಹಾರವಾಗುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಮಿಥೈಲ್‌ಫೆನಿಡೇಟ್ ಎಂಬುದನ್ನು ೧೯೪೪ರಲ್ಲಿ ಸ್ವಿಟ್ಜರ್ಲೆಂಡಿನ ಲಿಯಾಂಡ್ರೊ ಪಾನಿಜೋನ್ ಎಂಬ ರಸಾಯನಶಾಸ್ತ್ರಜ್ಞನು ತಯಾರಿಸಿದನು. ಆತನ ಪತ್ನಿ ರೀಟಾಳ ಹೆಸರಿನಿಂದಲೇ ಅದಕ್ಕೆ ರಿಟಾಲಿನ್ ಎಂಬ ಪ್ರಸಿದ್ಧ ನಾಮವು ಬಂದಿತು.

ಮುಂದಿನದು ನಾಮಾಂತರಗಳ ಕಥೆ. ಅಮೆರಿಕದ ಮನೋವೈದ್ಯರ ಸಂಘವು ೧೯೬೮ರಲ್ಲಿ ಬಾಲ್ಯದ ಅತಿಚಟುವಟಿಕೆಯೆಂದಿತು; ೧೯೮೦ರಲ್ಲಿ ಗಮನದ ಕೊರತೆಯೆಂದಿತು; ೧೯೮೭ರಲ್ಲಿ ಎರಡನ್ನೂ ಸೇರಿಸಿತು. ಕುಣಿದಾಡುವ ಹುಡುಗರ ಜತೆಗೆ, ಸದ್ದಿಲ್ಲದೆ ಕುಳಿತು ಕನಸು ಕಾಣುವ ಹುಡುಗಿಯರೂ ಲೆಕ್ಕಕ್ಕೆ ಬಂದದ್ದು ಈ ನಾಮಾಂತರದ ಫಲ. ೧೯೮೭ರಲ್ಲಿಯೇ ಆ ದೇಶದ ಫ್ಲಾರಿಡಾ ಸಂಸ್ಥಾನದಲ್ಲಿ ತಂದೆತಾಯಿಗಳೇ ಮುಂದಾಗಿ ‘ಚಾಡ್’ ಎಂಬ ಸಂಘವನ್ನು ಕಟ್ಟಿಕೊಂಡರು. ಹೆಸರು ದೋಷವನ್ನು ಸೂಚಿಸುತ್ತಿರುವವರೆಗೆ ಯಾವ ತಾಯಿಯೂ ನಾಲ್ವರ ಮುಂದೆ ಅದನ್ನು ಹೇಳಿಕೊಳ್ಳಲಾರಳು. ಅದು ವ್ಯಾಧಿಯ ಹೆಸರಾದ ಮೇಲೆ ಸಂಘಕಟ್ಟುವುದಕ್ಕೆ ಸಂಕೋಚವಿರುವುದಿಲ್ಲ.

೪

ಇನ್ನು ನಮ್ಮ ನಾಡಿನ ಕಡೆ ತಿರುಗೋಣ. ಬೆಂಗಳೂರಿನಲ್ಲಿ ೧೮೪೭ರ ಸುಮಾರಿಗೆ ಸ್ಥಾಪಿತವಾದ ಹುಚ್ಚರಾಸ್ಪತ್ರೆಯು ೧೯೨೫ರಲ್ಲಿ ಮೈಸೂರು ಸರ್ಕಾರದ ಅಪ್ಪಣೆಯಂತೆ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. ಇದೇ ಕಾಲದಲ್ಲಿ, ಎಂದರೆ ೧೯೨೪ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಬೋಧನೆಯನ್ನು ವಹಿಸಿಕೊಂಡ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಪಂಡಿತನ ಬಳಿ ಅಭ್ಯಾಸ ಮಾಡಿದವರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ಮೈಸೂರು ಆಕಾಶವಾಣಿಯನ್ನು ಆರಂಭಿಸಿದ ಮಹನೀಯರೂ ಇವರೇ. ಮನಸ್ಸನ್ನು ಅಳೆಯುವ ವಿದ್ಯೆಯೂ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸುವ ಯಂತ್ರವೂ ಒಬ್ಬರ ಕೈಯಿಂದಲೇ ನಮ್ಮ ನಾಡಿಗೆ ಬಂದವು!

ಕೇಂದ್ರ ಸರ್ಕಾರವು ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿತು. ಅದೂ ಹಳೆಯ ಆಸ್ಪತ್ರೆಯೂ ೧೯೭೪ನೆಯ ಡಿಸೆಂಬರ್ ೨೭ರಂದು ಒಂದಾಗಿ, ಈಗ ನಿಮ್ಹಾನ್ಸ್ ಎಂದು ಎಲ್ಲರೂ ಬಲ್ಲ ಸಂಸ್ಥೆಯಾಯಿತು. ಮಕ್ಕಳಿಗೂ ಹದಿಹರೆಯದವರಿಗೂ ಅಲ್ಲಿ ಪ್ರತ್ಯೇಕ ವಿಭಾಗವುಂಟು. ಅಲ್ಲಿಯ ತಜ್ಞರು ಬೆಂಗಳೂರಿನ ಪಟ್ಟಣ, ಕೊಳೆಗೇರಿ, ಹಳ್ಳಿ ಈ ಮೂರೂ ಕಡೆಗಳಲ್ಲಿ ೧೬ ವರ್ಷದವರೆಗಿನ ೨೦೬೪ ಮಕ್ಕಳನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಹನ್ನೆರಡೂವರೆ ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿದ್ದಿತು. ಇದು ಎಲ್ಲ ಬಗೆಗಳನ್ನೂ ಕೂಡಿಸಿದ ಲೆಕ್ಕ; ಅವಧಾನಲೋಪವು ಅದರಲ್ಲಿ ಒಂದು ಭಾಗ ಮಾತ್ರ. ಆದರೂ ಪ್ರತಿಯೊಂದು ತರಗತಿಯಲ್ಲಿಯೂ ನೆರವು ಬೇಕಾದ ಮಕ್ಕಳು ಕುಳಿತಿದ್ದಾರೆಂದು ತಿಳಿಯುವುದಕ್ಕೆ ಇಷ್ಟು ಸಾಕು.

ಹೆಬ್ಬಾಳವು ಬಳ್ಳಾರಿಯ ಹೆದ್ದಾರಿಯ ಮೇಲಿದೆ. ಈ ಹೆದ್ದಾರಿಯ ಕೊನೆಯಲ್ಲಿರುವ ಬಳ್ಳಾರಿ ಜಿಲ್ಲೆಯಲ್ಲಿಯೇ ೧೯೮೫ರ ಸುಮಾರಿನಿಂದ ನಿಮ್ಹಾನ್ಸಿನವರು ಗ್ರಾಮಗಳ ಆರೋಗ್ಯಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿಕೊಟ್ಟರು. ರೋಗಿಯು ಬೆಂಗಳೂರಿಗೆ ಅಲೆಯುವುದನ್ನು ತಪ್ಪಿಸಿ, ಚಿಕಿತ್ಸೆಯೇ ರೋಗಿಯಿದ್ದಲ್ಲಿಗೆ ಹೋಗಬೇಕೆಂಬುದು ಅದರ ತತ್ತ್ವ. ಬಳ್ಳಾರಿಯ ಈ ಮಾದರಿಯೇ ೧೯೯೬ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಅದು ಮುಖ್ಯವಾಗಿ ತೀವ್ರವಾದ ಮನೋರೋಗಗಳಿಗೂ ಮೂರ್ಛೆರೋಗಕ್ಕೂ ಸಂಬಂಧಪಟ್ಟಿದ್ದಿತು. ಮಗುವಿನ ಅವಧಾನಲೋಪದವರೆಗೆ ಆ ದೀಪದ ಬೆಳಕು ಆಗ ಬೀಳಲಿಲ್ಲ.

ಕನ್ನಡದಲ್ಲಿ ತಿಳಿವಳಿಕೆಯನ್ನು ಹರಡಿದವರನ್ನೂ ಸ್ಮರಿಸಬೇಕು. ೧೯೪೨ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿ ನಾಡನ್ನು ನಗಿಸಿದ ‘ರಾಶಿ’ಯವರು, ಎಂದರೆ ವೈದ್ಯರಾದ ಎಂ. ಶಿವರಾಂ ಅವರು, ಮನೋವೈದ್ಯವನ್ನು ಕುರಿತು ‘ಮನ ಮಂಥನ’ವನ್ನು ಬರೆದು ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದರು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಗೃಹಿಣಿಯರಿಗೂ ಅರ್ಥವಾಗುವಂತಹ ಕನ್ನಡದಲ್ಲಿ ಮಾನಸಿಕ ಆರೋಗ್ಯದ ವಿಷಯವಾಗಿ ಹಲವು ಪುಸ್ತಕಗಳನ್ನು ಬರೆದಿದ್ದಾರೆ.

೫

ಇಷ್ಟು ಇತಿಹಾಸದ ಫಲವಾಗಿ ಈಗ ನಿಶ್ಚಿತವಾಗಿರುವುದೇನು? ಲೋಕದಲ್ಲಿ ನೂರು ಮಕ್ಕಳಿಗೆ ಸುಮಾರು ಐದು ಮಂದಿಯಲ್ಲಿ ಈ ಸ್ಥಿತಿಯುಂಟು. ವಂಶವಾಹಿನಿಯೇ ಇದರ ಪ್ರಧಾನ ಕಾರಣ. ಆದುದರಿಂದ ಮಗನ ಪರೀಕ್ಷೆಗೆಂದು ಹೋದ ತಂದೆಯು ತನ್ನ ಬಾಲ್ಯದ ಅರ್ಥವನ್ನೂ ಅಲ್ಲಿಯೇ ಕಂಡುಕೊಳ್ಳುವುದುಂಟು. ಬೆಳೆದ ಮೇಲೂ ಅನೇಕರಲ್ಲಿ ಇದು ಉಳಿಯುತ್ತದೆ. ಆಗ ಮರೆತ ಬಾಕಿಗಳಾಗಿ, ಮುಗಿಯದ ಕೆಲಸಗಳಾಗಿ, ಬಿಟ್ಟುಹೋದ ನೌಕರಿಗಳಾಗಿ ತೋರುತ್ತದೆ. ‘ಲೋಪ’ವೆಂದರೂ ಅವಧಾನವು ಪೂರ್ತಿಯಾಗಿ ಇಲ್ಲವೆಂದು ಅರ್ಥವಲ್ಲ. ತನಗೆ ಹಿಡಿಸಿದ ಕೆಲಸದಲ್ಲಿ ಆ ಹುಡುಗನೇ ಊಟವನ್ನು ಮರೆತು ಕುಳಿತಾನು. ಬೇಕಾದಾಗ ಬೇಕಾದಲ್ಲಿ ಮನಸ್ಸನ್ನು ತಿರುಗಿಸುವ ಚುಕ್ಕಾಣಿಯು ಸಡಿಲ, ಅಷ್ಟೆ. “ಆಟಕ್ಕೆ ಗಮನವಿದೆ, ಪಾಠಕ್ಕಿಲ್ಲವೇ?” ಎಂಬ ಹಂಗಿನ ಮಾತು ಆದುದರಿಂದಲೇ ನ್ಯಾಯವಾದುದಲ್ಲ. ಎಷ್ಟೋ ವರ್ಷ ತರಗತಿಗಳಲ್ಲಿ ನಿಂತ ನಾನು ಆ ಮಾತನ್ನು ಕೇಳಿ ತಲೆ ತಗ್ಗಿಸಿದ ಮಕ್ಕಳ ಮುಖಗಳನ್ನು ಕಂಡಿದ್ದೇನೆ. ಅವರಿಗೂ ಆ ಪ್ರಶ್ನೆಗೆ ಉತ್ತರವು ತಿಳಿಯದು.

ಹಾಗೆಂದು ಲವಲವಿಕೆಯ ಮಗುವಿಗೆಲ್ಲ ಈ ಹೆಸರನ್ನು ಅಂಟಿಸುವುದೂ ಅನರ್ಥಕರವೇ. ಲಕ್ಷಣಗಳು ಹನ್ನೆರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು, ಆರು ತಿಂಗಳಾದರೂ ನಿಂತಿರಬೇಕು, ಮನೆ, ಶಾಲೆ ಮುಂತಾದ ಎರಡು ಕಡೆಗಳಲ್ಲಾದರೂ ತೋರಬೇಕು, ಬಾಳಿಗೆ ಅಡ್ಡಿಯಾಗಿರಬೇಕು. ಇದನ್ನು ನಿರ್ಣಯಿಸುವ ರಕ್ತಪರೀಕ್ಷೆಯಿಲ್ಲ. ತಂದೆತಾಯಿಗಳ ಮಾತು, ಉಪಾಧ್ಯಾಯರ ಮಾತು, ವೈದ್ಯರ ಅವಲೋಕನ, ಈ ಮೂರೂ ಕೂಡಿದಾಗಲೇ ನಿರ್ಣಯವು. ಕಿವಿ ಕೇಳಿಸದಿರುವುದು, ಕಣ್ಣು ಮಂದವಾಗಿರುವುದು, ನಿದ್ರೆಯ ಕೊರತೆ, ಮನೆಯ ಕಲಹ ಇವುಗಳಿಂದಲೂ ಮಗುವಿನ ಗಮನವು ಕದಲಬಹುದಾದುದರಿಂದ ಅವನ್ನು ಮೊದಲು ವಿಚಾರಿಸತಕ್ಕದ್ದು. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆಯು ತಂದೆತಾಯಿಗಳಿಗೆ ಕೊಡುವ ಶಿಕ್ಷಣವೇ. ದೊಡ್ಡ ಮಕ್ಕಳಿಗೆ ಔಷಧವು ಬೇಕಾಗಬಹುದು. ತಜ್ಞವೈದ್ಯರ ಚೀಟಿಯಿಲ್ಲದೆ ಅದನ್ನು ಕೊಡಲಾಗದು, ಹಸಿವು, ನಿದ್ರೆ, ತೂಕಗಳನ್ನು ಆಗಾಗ್ಗೆ ನೋಡುತ್ತಿರಬೇಕು.

ಹೆಬ್ಬಾಳ, ಯಲಹಂಕಗಳ ಕಡೆಯ ಗೃಹಸ್ಥರಿಗೆ ದಾರಿಯು ದೂರವಲ್ಲ. ಮನೆಯ ಮಕ್ಕಳನ್ನು ಬಲ್ಲ ಶಿಶುವೈದ್ಯರೇ ಮೊದಲ ಬಾಗಿಲು, ಅಲ್ಲಿಂದ ಮನೋವೈದ್ಯರು, ಬೇಕಾದರೆ ನಗರದ ದಕ್ಷಿಣದಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್. ಅಷ್ಟು ದೂರ ಹೋಗಲು ಮೊದಲು ಧೈರ್ಯ ಬಾರದವರಿಗೆ ಕೇಂದ್ರ ಸರ್ಕಾರವು ೨೦೨೨ನೆಯ ಅಕ್ಟೋಬರ್ ೧೦ರಂದು ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿಯ ನೆರವುಂಟು. ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿ ಹೆಸರನ್ನು ಹೇಳದೆಯೂ ಕನ್ನಡದಲ್ಲಿಯೇ ವಿಚಾರಿಸಬಹುದು. ಕಾನೂನಿನ ಆಶ್ರಯವೂ ಸ್ವಲ್ಪಮಟ್ಟಿಗಿದೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೨೧ ಬಗೆಗಳ ಪಟ್ಟಿಯಲ್ಲಿ ಕಲಿಕೆಯ ನ್ಯೂನತೆಯು ಸೇರಿದೆ. ಅವಧಾನಲೋಪದ ಹೆಸರು ಪ್ರತ್ಯೇಕವಾಗಿ ಸೇರಿಲ್ಲ. ಎರಡೂ ಕೂಡಿರುವ ಮಕ್ಕಳು ಉಂಟಾದುದರಿಂದ, ಪರೀಕ್ಷೆ ಮಾಡಿಸುವಾಗ ಓದುಬರಹದ ತೊಡಕನ್ನೂ ಪರೀಕ್ಷಿಸಿಕೊಳ್ಳುವುದು ವಿವೇಕ.

೬

ಹೆಬ್ಬಾಳವು ನಾಡಿಗೆ ಕಲಿಸಿದ ಒಂದು ಪಾಠವನ್ನು ಇಲ್ಲಿ ನೆನೆಯಬಹುದು. ೧೮೯೯ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಇಲ್ಲಿ ೩೦ ಎಕರೆ ಭೂಮಿಯನ್ನು ಕೃಷಿಪ್ರಯೋಗಕ್ಕೆಂದು ದಯಪಾಲಿಸಿದರು. ಡಾಕ್ಟರ್ ಲೇಮನ್ ಎಂಬ ವಿಜ್ಞಾನಿಯು ಯಾವ ಮಣ್ಣಿನಲ್ಲಿ ಯಾವ ಬೆಳೆಯು ಹೇಗೆ ಬರುವುದೆಂಬುದನ್ನು ಪರೀಕ್ಷಿಸತೊಡಗಿದನು. ೧೯೧೩ರಲ್ಲಿ ಕೃಷಿಶಾಲೆಯೂ ಆಯಿತು. ಪೈರು ಏಳದಿದ್ದರೆ ಅದನ್ನು ಬಯ್ಯುವ ರೈತನಿಲ್ಲ; ಮಣ್ಣಿನಲ್ಲಿ ಏನು ಕಡಮೆಯಾಯಿತೆಂದು ನೋಡಿ, ಬೇಕಾದುದನ್ನು ಹಾಕಿ, ಮಳೆಗೆ ಕಾಯುತ್ತಾನೆ. ಮಗುವಿನ ವಿಷಯದಲ್ಲಿ ಮಾತ್ರ ನಮಗೆ ಬೈಗುಳವು ಮೊದಲು, ಪರೀಕ್ಷೆಯು ಕೊನೆಗೆ. ದೋಷವೆಂಬ ಮಾತು ಹೋಗಿ ವ್ಯಾಧಿಯೆಂಬ ಮಾತು ಬಂದ ಕಡೆಯಲ್ಲಿ ನೆರವು ಹುಟ್ಟಿತೆಂಬುದನ್ನು ಮೇಲಿನ ಇತಿಹಾಸವು ತೋರಿಸುತ್ತದೆ. ಆ ಮಾತಿನ ಬದಲಾವಣೆಗೆ ಆಸ್ಪತ್ರೆಯೂ ಕಾಯಿದೆಯೂ ಬೇಕಾಗಿಲ್ಲ. ಅದು ಮನೆಯ ಪಡಸಾಲೆಯಲ್ಲಿ ಈ ಸಂಜೆಯೇ ಆಗಬಹುದು. ವಾಚಕಮಹಾಶಯರ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಅಂತಹ ಮಗುವಿದ್ದರೆ, ಅದನ್ನು ಸೋಮಾರಿಯೆಂದು ಕರೆಯುವ ಮೊದಲು ಒಂದು ಸಲ ವೈದ್ಯರಿಗೆ ತೋರಿಸಲೆಂದು ಬೇಡಿಕೊಂಡು ವಿರಮಿಸುತ್ತೇನೆ.