ಬಿಲ್ಲೆ ಉಳಿದೀತು, ಓದುವ ಯಂತ್ರ?

ಹೋದ ವರ್ಷ ನನ್ನ ಪ್ರಬಂಧದ ಮೂರನೇ ಅಧ್ಯಾಯ ತಿದ್ದುತ್ತಿದ್ದಾಗ ಒಂದು ಅಡಿಟಿಪ್ಪಣಿ ಕೈಕೊಟ್ಟಿತು. ಎಪ್ಪತ್ತರ ದಶಕದ ಒಂದು ಕನ್ನಡ ಚಿತ್ರದ ದೃಶ್ಯವನ್ನು ನಿಮಿಷ, ಸೆಕೆಂಡು ಸಮೇತ ಉಲ್ಲೇಖಿಸಿದ್ದೆ. ನೋಡಿದ್ದು ಒಂದು ಓಟಿಟಿಯಲ್ಲಿ. ಮತ್ತೊಮ್ಮೆ ಪರಿಶೀಲಿಸೋಣವೆಂದು ಹೋದರೆ ಚಿತ್ರವೇ ಇಲ್ಲ. ಹಕ್ಕಿನ ಅವಧಿ ಮುಗಿದಿರಬೇಕು. ಕಾರಣ ಹೇಳುವವರು ಯಾರೂ ಇರಲಿಲ್ಲ. "ಆಕರ ಎಲ್ಲಿ?" ಎಂದು ಮಾರ್ಗದರ್ಶಕರು ಕೇಳಿದರು. ಹಳೆಯ ಪತ್ರಿಕೆಯೊಂದು ಒಂದು ಗ್ರಂಥಾಲಯದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕು ಎಂಬುದು ನಮಗೆ ಕಲಿಸಿದ ಪಾಠ. ಇಲ್ಲಿ ಆ ಇನ್ನೊಂದು ಗ್ರಂಥಾಲಯ ಯಾವುದು?

ಊರಿಗೆ ಹೋದಾಗ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಅದೇ ಚಿತ್ರದ ವಿಸಿಡಿ ಸಿಕ್ಕಿತು. ಅಪ್ಪ ಕೊಂಡದ್ದು. ಎರಡು ಬಿಲ್ಲೆ, ಮೊದಲನೆಯದು ಮುಗಿದಾಗ ಎದ್ದು ಹೋಗಿ ಎರಡನೆಯದನ್ನು ಹಾಕುವುದೇ ಆಗ ನಮ್ಮ ಮನೆಯ ಇಂಟರ್ವಲ್. ಈಗ ಮನೆಯಲ್ಲಿ ಪ್ಲೇಯರ್ ಇಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲ. ಗೆಳತಿಯೊಬ್ಬಳಿಂದ ಯುಎಸ್‌ಬಿ ಡ್ರೈವ್ ಎರವಲು ತಂದೆ. ಚಿತ್ರ ಓಡಿತು, ಅಲ್ಲಲ್ಲಿ ಚೌಕಚೌಕವಾಗಿ ಒಡೆಯುತ್ತ. ವಿಸಿಡಿಯ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಬಿಂದುಗಳು. ಇವತ್ತಿನ ಅಲ್ಟ್ರಾ ಎಚ್‌ಡಿ ಬ್ಲೂ-ರೇಯಲ್ಲಿ 3840 ಮತ್ತು 2160. ಲೆಕ್ಕ ಹಾಕಿದರೆ ಸುಮಾರು 80 ಪಟ್ಟು. ಆದರೆ ಎರಡು ಬಿಲ್ಲೆಗಳ ವ್ಯಾಸವೂ ಅದೇ 12 ಸೆಂಟಿಮೀಟರು. ಈ 12 ಸೆಂಟಿಮೀಟರಿನ ಚರಿತ್ರೆಯನ್ನು ನಾನು ಹುಡುಕತೊಡಗಿದ್ದು ಹೀಗೆ, ಒಂದು ಅಡಿಟಿಪ್ಪಣಿಯ ಹೊಟ್ಟೆಯುರಿಯಿಂದ.

ಅದು ಮೂಲತಃ ಬೆಳಕಿನ ಚರಿತ್ರೆ. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸಿಡಿಯನ್ನು ಓದುವುದು 780 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕೆಂಪಿನಾಚೆಯ ಲೇಸರ್. 1996ರ ಡಿವಿಡಿಗೆ 650ರ ಕೆಂಪು. ಬ್ಲೂ-ರೇಗೆ 405ರ ನೀಲಿ-ನೇರಳೆ. ತರಂಗಾಂತರ ಕುಗ್ಗಿದಷ್ಟೂ ಬೆಳಕಿನ ಚುಕ್ಕೆ ಸಣ್ಣದಾಗುತ್ತದೆ. ಚುಕ್ಕೆ ಸಣ್ಣದಾದಷ್ಟೂ ಬಿಲ್ಲೆಯ ಮೇಲಿನ ಗುಳಿಗಳನ್ನು ಒತ್ತೊತ್ತಾಗಿ ಕೊರೆಯಬಹುದು. ಸಿಡಿಯಲ್ಲಿ ಒಂದು ಸುತ್ತಿಗೂ ಮುಂದಿನದಕ್ಕೂ 1.6 ಮೈಕ್ರೋಮೀಟರ್ ಅಂತರ, ಬ್ಲೂ-ರೇಯಲ್ಲಿ 0.32. ಹಾಗಾಗಿಯೇ 700 ಎಂಬಿ ಇದ್ದದ್ದು 4.7 ಜಿಬಿ ಆಯಿತು, ಆಮೇಲೆ ಪದರವೊಂದಕ್ಕೆ 25 ಜಿಬಿ. ನೀಲಿ ಬೆಳಕು ಸುಲಭವಾಗಿ ಸಿಕ್ಕಿದ್ದಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಹರಳನ್ನು ಪಳಗಿಸಲು ಅಕಸಾಕಿ, ಅಮಾನೊ ಮತ್ತು ನಿಚಿಯಾ ಕಂಪನಿಯ ಶುಜಿ ನಕಮುರಾ ವರ್ಷಗಟ್ಟಲೆ ದುಡಿದರು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಈ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಲೇಸರ್ ಕೂಡ ಅದೇ ಹರಳಿನ ಕೂಸು.

ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಸಂಗತಿ. 2015ರಲ್ಲಿ ಅಂತಿಮಗೊಂಡು 2016ರ ಆರಂಭದಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇಯಲ್ಲಿ ಹೊಸ ಬೆಳಕು ಇಲ್ಲ. ಅದೇ 405. ಪದರಕ್ಕೆ 33 ಜಿಬಿ ಹಿಡಿಯುವಂತೆ ಇನ್ನಷ್ಟು ಒತ್ತಿ, ಮೂರು ಪದರ ಸೇರಿಸಿ 100 ಜಿಬಿ ಮಾಡಿದರು. ಚಿತ್ರವನ್ನು ಮಡಚಿಡುವ ಗಣಿತವನ್ನು ಸುಧಾರಿಸಿದರು. ಇನ್ನೂ ಮುಂದೆ ನೇರಳಾತೀತದ ಕಡೆ ಹೋಗೋಣವೆಂದರೆ ಬಿಲ್ಲೆಯ ಪ್ಲಾಸ್ಟಿಕ್ಕೇ ಆ ಬೆಳಕನ್ನು ಹೀರಿಕೊಳ್ಳುತ್ತದೆ. 2014ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ 300 ಜಿಬಿಯ ಆರ್ಕೈವಲ್ ಡಿಸ್ಕ್ ಘೋಷಿಸಿದವು, ನಿಜ. ಆದರೆ ಅದು ದತ್ತಾಂಶ ಭಂಡಾರಗಳಿಗೆ, ಮನೆಯ ಟಿವಿಗಲ್ಲ. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರಿನಲ್ಲಿ 8ಕೆ ಪ್ರಸಾರ ಆರಂಭಿಸಿದರೂ 8ಕೆ ಚಲನಚಿತ್ರದ ಬಿಲ್ಲೆ ಅಂಗಡಿಗೆ ಬರಲಿಲ್ಲ. ಮನೆಗೆ ಬಂದ ಬಿಲ್ಲೆಗಳಲ್ಲಿ ಅತ್ಯುತ್ತಮವಾದದ್ದೇ ಕೊನೆಯದೂ ಆಗಿರುವ ಸಾಧ್ಯತೆ ದೊಡ್ಡದು.

ಹಿಂದೆಲ್ಲ ಹಳೆಯ ರೂಪವನ್ನು ಕೊಂದದ್ದು ಅದಕ್ಕಿಂತ ಒಳ್ಳೆಯದು. ವಿಎಚ್‌ಎಸ್ ಅನ್ನು ಡಿವಿಡಿ ಕೊಂದಿತು. ಈ ಸಲ ಹಾಗಲ್ಲ. 2008ರ ಫೆಬ್ರವರಿ 19ರಂದು ತೋಷಿಬಾ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 2007ರ ಜನವರಿಯಲ್ಲಿ, ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಶುರುಮಾಡಿತ್ತು. 4ಕೆಯಲ್ಲಂತೂ ಬಿಲ್ಲೆ ಬರುವ ಎರಡು ವರ್ಷ ಮುಂಚೆ, 2014ರಲ್ಲೇ, ಸ್ಟ್ರೀಮಿಂಗ್ ಬಂದಾಗಿತ್ತು. ಗುಣಮಟ್ಟದಲ್ಲಿ ಹೋಲಿಕೆಯಿಲ್ಲ: ಬಿಲ್ಲೆಯಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಮಾಹಿತಿ ಹರಿಯಬಹುದು, ನೆಟ್‌ಫ್ಲಿಕ್ಸ್ ತನ್ನ 4ಕೆಗೆ ಸಾಕೆನ್ನುವ ಇಂಟರ್ನೆಟ್ ವೇಗ 15 ಮೆಗಾಬಿಟ್. ಕತ್ತಲೆಯ ದೃಶ್ಯಗಳಲ್ಲಿ, ಹೊಗೆ, ಮಳೆಯಲ್ಲಿ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ಜನ ಆರಿಸಿಕೊಂಡದ್ದು ಕಡಿಮೆಯದನ್ನೇ. ಸೋಫಾದಿಂದ ಏಳಬೇಕಿಲ್ಲವಲ್ಲ.

ಭಾರತದಲ್ಲಿ ಕಥೆ ಇನ್ನೂ ಬೇಗ ಮುಗಿಯಿತು. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಮಾರಿದ ಕಾಲ ನನ್ನ ಪ್ರಾಥಮಿಕ ಶಾಲೆಯ ದಿನಗಳದು. ಅಪ್ಪನ ಪೆಟ್ಟಿಗೆ ತುಂಬಿದ್ದು ಆಗಲೇ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿಗೆ ಬಂತು, ಸೆಪ್ಟೆಂಬರಿನಲ್ಲಿ ಜಿಯೋ. ಎರಡರ ನಡುವೆ ಎಲ್ಲೋ ದೂರದಲ್ಲಿ ಹುಟ್ಟಿದ ಅಲ್ಟ್ರಾ ಎಚ್‌ಡಿ ಬಿಲ್ಲೆಗೆ ನಮ್ಮ ಬೀದಿಗಳಲ್ಲಿ ಕಾಲಿಡಲು ಜಾಗವೇ ಉಳಿಯಲಿಲ್ಲ. 2018ರಲ್ಲಿ ಮೋಸರ್ ಬೇರ್ ದಿವಾಳಿಯಾಯಿತು. ಹಳೆಯ ಬ್ಲೂ-ರೇಗಿದ್ದ ಎ, ಬಿ, ಸಿ ಎಂಬ ಪ್ರದೇಶದ ಬೇಲಿಯನ್ನು ಈ ಹೊಸ ರೂಪ ಕಿತ್ತುಹಾಕಿದೆ. ಲಂಡನ್ನಿನಲ್ಲಿ ಕೊಂಡ ಬಿಲ್ಲೆ ಬೆಂಗಳೂರಿನಲ್ಲೂ ಓಡುತ್ತದೆ. ಪ್ಲೇಯರ್ ಇದ್ದರೆ.

ಆ 'ಇದ್ದರೆ' ಈಗ ದಿನೇ ದಿನೇ ದೊಡ್ಡದಾಗುತ್ತಿದೆ. ಸಂಗ್ರಾಹಕರ ಪ್ರೀತಿಯ ಪ್ಲೇಯರುಗಳನ್ನು ಮಾಡುತ್ತಿದ್ದ ಒಪ್ಪೊ 2018ರಲ್ಲಿ ಆ ಕೆಲಸ ಬಿಟ್ಟಿತು. 2019ರಲ್ಲಿ ಸ್ಯಾಮ್‌ಸಂಗ್, 2024ರಲ್ಲಿ ಎಲ್‌ಜಿ ಹಿಂದೆ ಸರಿದವು. ಅದೇ 2024ರಲ್ಲಿ ಅಮೆರಿಕದ ಬೆಸ್ಟ್ ಬೈ ಅಂಗಡಿಗಳಲ್ಲಿ ಸಿನಿಮಾ ಬಿಲ್ಲೆಗಳ ಕಪಾಟು ಖಾಲಿಯಾಯಿತು. 2025ರ ಫೆಬ್ರವರಿಯಲ್ಲಿ ಸೋನಿ ಬ್ಲೂ-ರೇ ತಯಾರಿಕೆಯನ್ನೇ ನಿಲ್ಲಿಸಿತೆಂಬಂತೆ ಸುದ್ದಿ ಹರಡಿತು. ಅದು ತಪ್ಪು. ನಿಂತದ್ದು ನಾವೇ ಬರೆದುಕೊಳ್ಳುವ ಖಾಲಿ ಬಿಲ್ಲೆಗಳು. ಸಿನಿಮಾ ಒತ್ತಿದ ಬಿಲ್ಲೆಗಳು ಬರುತ್ತಲೇ ಇವೆ.

ಬರುತ್ತಿರುವುದಷ್ಟೇ ಅಲ್ಲ, ಕೆಲವು ಬಿಸಿ ದೋಸೆಯಂತೆ ಖರ್ಚಾಗುತ್ತಿವೆ. 2023ರ ನವೆಂಬರಿನಲ್ಲಿ 'ಓಪನ್‌ಹೈಮರ್' ಚಿತ್ರದ 4ಕೆ ಬಿಲ್ಲೆ ಬಿಡುಗಡೆಯ ವಾರದಲ್ಲೇ ಹಲವು ಕಡೆ ಮುಗಿದುಹೋಯಿತು. ಸ್ಟ್ರೀಮಿಂಗ್‌ನವರು ಕಸಿದುಕೊಳ್ಳಲಾಗದ ಪ್ರತಿಯೊಂದನ್ನು ಕೊಂಡಿಟ್ಟುಕೊಳ್ಳಿ ಎಂದು ಕ್ರಿಸ್ಟೋಫರ್ ನೋಲನ್ ಅರ್ಧ ತಮಾಷೆಯಾಗಿ ಹೇಳಿದ್ದರು. ಕ್ರೈಟೀರಿಯನ್ ಸಂಸ್ಥೆ 2021ರಿಂದ 4ಕೆ ಬಿಲ್ಲೆ ತರುತ್ತಿದೆ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯವೂ ಅದರಲ್ಲಿ ಸೇರಿದೆ. ಅವುಗಳ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬಿನ ಬೆಂಕಿಯಲ್ಲಿ ಸುಟ್ಟಿದ್ದವು. ಉಳಿದ ಚೂರುಗಳನ್ನೂ ಬೇರೆಡೆಯಿದ್ದ ಪ್ರತಿಗಳನ್ನೂ ಜೋಡಿಸಿ ಚಿತ್ರಗಳನ್ನು ಮತ್ತೆ ಕಟ್ಟಿದರು. ಬೇರೆಡೆ ಪ್ರತಿಗಳಿದ್ದದ್ದರಿಂದ ಅದು ಆಯಿತು.

ನನ್ನ ಅಂದಾಜು ಇಷ್ಟು: ಬಿಲ್ಲೆ ಇನ್ನು ಕಿರಾಣಿ ಸರಕಲ್ಲ, ಕ್ಯಾಲಿಕೋ ರಟ್ಟಿನ ವಿಶೇಷ ಆವೃತ್ತಿ. ಕಡಿಮೆ ಪ್ರತಿ, ಹೆಚ್ಚು ಬೆಲೆ, ಜೊತೆಗೊಂದು ಪುಸ್ತಿಕೆ. ಹೀಗೆ ಅದು ಇನ್ನೂ ಬಹಳ ಕಾಲ ಉಳಿಯಬಹುದು. ನನಗೆ ಭಯವಿರುವುದು ಯಂತ್ರದ ಬಗ್ಗೆ. ಜಪಾನಿನ ಫುನಾಯ್ 2016ರಲ್ಲಿ ಕೊನೆಯ ವಿಸಿಆರ್ ಮಾಡಿ ನಿಲ್ಲಿಸಿದ ಮೇಲೆ ಲಕ್ಷಾಂತರ ಕ್ಯಾಸೆಟ್ಟುಗಳು ಓದುವವರಿಲ್ಲದ ಲಿಪಿಯಂತಾದವು. ಬಿಲ್ಲೆಗೆ ಇನ್ನೂ ಒಂದು ತೊಡಕಿದೆ: ಅದರೊಳಗಿನದಕ್ಕೆ ಬೀಗವಿದೆ. ಅಲ್ಟ್ರಾ ಎಚ್‌ಡಿ ಬಿಲ್ಲೆಯನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ನೋಡಲು ಇಂಟೆಲ್ ಚಿಪ್ಪಿನ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯ ಬೇಕಿತ್ತು. 2021ರಿಂದಾಚೆ ಇಂಟೆಲ್ ತನ್ನ ಮನೆಬಳಕೆಯ ಹೊಸ ಚಿಪ್ಪುಗಳಿಂದ ಅದನ್ನೇ ತೆಗೆದುಹಾಕಿತು. ದುಡ್ಡು ಕೊಟ್ಟು ಕೊಂಡ ಬಿಲ್ಲೆ ಕೈಯಲ್ಲೇ ಇದೆ, ಹೊಸ ಕಂಪ್ಯೂಟರ್ ಒಲ್ಲೆ ಎನ್ನುತ್ತದೆ. ಬಿಲ್ಲೆ ಚಿರಂಜೀವಿಯೂ ಅಲ್ಲ. 2006ರಿಂದ 2008ರವರೆಗೆ ತಯಾರಾದ ವಾರ್ನರ್ ಬ್ರದರ್ಸ್‌ನ ಕೆಲವು ಡಿವಿಡಿಗಳು ಒಳಗಿಂದಲೇ ಕೆಡುತ್ತಿರುವುದನ್ನು ಕಂಪನಿ 2025ರಲ್ಲಿ ಒಪ್ಪಿಕೊಂಡು ಬದಲಿ ಕೊಡಲು ಮುಂದಾಯಿತು.

ಹಾಗಿದ್ದೂ ನಾನು ಬಿಲ್ಲೆಯ ಪಕ್ಷ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಅದರ ಒಂದು ಪ್ರತಿಯೂ ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಆ ಸುದ್ದಿ ಓದಿದ ದಿನ ನನಗೆ ಮೊದಲು ಹೊಳೆದದ್ದು, ಅದೊಂದು ಬಿಲ್ಲೆಯಾಗಿ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ, ಪಕ್ಕದಲ್ಲೊಂದು ಪ್ಲೇಯರಿನ ಜೊತೆ ಇರಬೇಕು ಎಂದು. ಸರ್ವರಿನಲ್ಲಿರುವುದು ಒಬ್ಬರ ನಿರ್ಧಾರದಿಂದ ಒಂದೇ ರಾತ್ರಿ ಎಲ್ಲೆಡೆ ಕಾಣೆಯಾಗಬಲ್ಲದು. ನೂರು ಊರಿನ ಕಪಾಟುಗಳಲ್ಲಿರುವುದನ್ನು ಹಾಗೆ ಅಳಿಸಲು ಬಾರದು.

ನನ್ನ ಅಧ್ಯಾಯಕ್ಕೆ ಸದ್ಯಕ್ಕೆ ಅಟ್ಟದ ವಿಸಿಡಿಯೇ ಆಧಾರ. ಅಡಿಟಿಪ್ಪಣಿಯಲ್ಲಿ "ಎರಡನೇ ಡಿಸ್ಕ್, 14ನೇ ನಿಮಿಷ, ಖಾಸಗಿ ಸಂಗ್ರಹ" ಎಂದು ಬರೆದಿದ್ದೇನೆ. ಮಾರ್ಗದರ್ಶಕರು ಅದರ ಪಕ್ಕ ಪೆನ್ಸಿಲಿನಲ್ಲಿ ಕೇಳಿದ್ದಾರೆ: "ಪರೀಕ್ಷಕರು ಇದನ್ನು ಯಾವುದರಲ್ಲಿ ಹಾಕಿ ನೋಡಬೇಕು?"