ಬಾದಾಮಿ ಗುಡ್ಡದ ನೆತ್ತಿ: ಕಾವಲಿನಿಂದ ನೋಟದವರೆಗೆ

ಬಾದಾಮಿಯ ವಸ್ತುಸಂಗ್ರಹಾಲಯದ ಪಕ್ಕದ ಹಾದಿ ಹಿಡಿದು ಉತ್ತರ ಗುಡ್ಡ ಹತ್ತುವವರಲ್ಲಿ ಹೆಚ್ಚಿನವರು ಹೋಗುವುದು ನೋಟಕ್ಕಾಗಿ. ಕೆಳಗೆ ಅಗಸ್ತ್ಯ ತೀರ್ಥ, ಅದರ ಮೂಡಣ ದಂಡೆಗೆ ಭೂತನಾಥನ ಗುಡಿ, ಎದುರಿಗೆ ಗುಹೆಗಳಿರುವ ತೆಂಕಣ ಗುಡ್ಡ. ಇದೆಲ್ಲ ನಿಸರ್ಗದ ಕೊಡುಗೆ ಎನ್ನುವುದು ಸುಲಭ. ಆದರೆ ನಾವು ನಿಂತು ನೋಡುವ ಜಾಗಗಳನ್ನು ಆರಿಸಿದ್ದು ನಿಸರ್ಗವಲ್ಲ, ಅರಸರು. ಇಲ್ಲಿ ನೋಟವೆಂದರೆ ಮೊದಲು ಕಾವಲು. ಕಾವಲಿನ ಕೆಲಸ ಮುಗಿದ ಮೇಲೆಯೇ ಅದು ಚೆಲುವಾಯಿತು.

ಗುಡ್ಡದ ಕಲ್ಲಿನಿಂದಲೇ ಈ ಮಾತು ಶುರುವಾಗಬೇಕು. ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲು ಬೇಕಿದ್ದರೆ ಜಿಲ್ಲೆಯ ಉತ್ತರಕ್ಕೆ, ಜಮಖಂಡಿ ಕಡೆಗೆ ಹೋಗಬೇಕು. ಬಾದಾಮಿಯದು ನೀರು ತಂದು ಪದರಪದರವಾಗಿ ಹಾಸಿದ ಮರಳು ಕಲ್ಲಾದದ್ದು. ಬಂಡೆಯ ಮೈಮೇಲಿನ ಓರೆ ಗೆರೆಗಳು ಆ ಹರಿವಿನ ಗುರುತು. ಈ ಕೆಂಪು ಮರಳುಗಲ್ಲು ನೆಟ್ಟಗೆ ಸೀಳುತ್ತದೆ. ಹಾಗಾಗಿ ಗುಡ್ಡದ ಅಂಚು ಗೋಡೆಯಂತೆ ನಿಂತಿದೆ, ಒಳಗಿನ ದಾರಿ ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಓಣಿಯಾಗಿದೆ. ಅಂಥ ಓಣಿಗೊಂದು ಬಾಗಿಲು ಹಾಕಿದರೆ ಅರ್ಧ ಕೋಟೆ ಕಟ್ಟಿದಂತೆಯೇ. ಚಾಲುಕ್ಯ ಅರಸ ಒಂದನೇ ಪುಲಕೇಶಿ ಕಂಡುಕೊಂಡದ್ದು ಇದನ್ನೇ. ಉತ್ತರ ಗುಡ್ಡದ ಬಂಡೆಯ ಮೇಲಿನ ಅವನ ಸಂಸ್ಕೃತ ಶಾಸನಕ್ಕೆ ಶಕ 465, ಅಂದರೆ ಕ್ರಿ.ಶ. 543ರ ತೇದಿಯಿದೆ. ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದಂತೆ ವಾತಾಪಿಯ, ಅಂದರೆ ಬಾದಾಮಿಯ, ಗುಡ್ಡವನ್ನು ಕೋಟೆ ಮಾಡಿಸಿದ್ದಾಗಿ ಅದು ಹೇಳುತ್ತದೆ. ಮೇಲೆ ಉಳಿದಿರುವ ದುಂಡನೆಯ ಕಣಜಗಳು, ಕಾವಲು ಬುರುಜು, ಕೆಳಗೆ ಗುಡ್ಡದ ಮಳೆನೀರು ಬಂದು ತುಂಬುವ ಕೆರೆ, ಇವನ್ನೆಲ್ಲ ಸೇರಿಸಿ ನೋಡಿದರೆ ಆ ಮಾತಿನ ಅರ್ಥ ಬಿಚ್ಚಿಕೊಳ್ಳುತ್ತದೆ. ಕಾಳು, ನೀರು, ದಾರಿ ಮೂರೂ ಕಾವಲಿನವನ ಕಣ್ಣಳತೆಯಲ್ಲಿದ್ದವು.

ನೆತ್ತಿಯ ಮೇಲೆ ಗುಡಿಗಳಿವೆಯಲ್ಲ, ಇದು ಭಕ್ತಿಯ ಜಾಗವೇ ಹೊರತು ಕಾವಲಿನದಲ್ಲ ಎಂದು ಯಾರಾದರೂ ಕೇಳಬಹುದು. ಮೇಲಣ ಶಿವಾಲಯವೂ, ಒಂಟಿ ಬಂಡೆಯನ್ನೇರಿ ಕೂತ ಮಾಲೆಗಿತ್ತಿ ಶಿವಾಲಯವೂ 7ನೇ ಶತಮಾನದವು ಎಂಬುದು ನಿಜ. ಆದರೆ ಚಾಲುಕ್ಯರಿಗೆ ಭಕ್ತಿಯೂ ಕಾವಲೂ ಬೇರೆ ಬೇರೆ ಆಗಿರಲಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡ್ಡ ಇದಕ್ಕೆ ಸಾಕ್ಷಿ. 634ರಲ್ಲಿ ಕವಿ ರವಿಕೀರ್ತಿ ಅಲ್ಲಿ ಕಟ್ಟಿಸಿದ್ದು ಜಿನಾಲಯ. ಅದರ ಗೋಡೆಯ ಶಾಸನದ ಬಹುಭಾಗ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳ ವರ್ಣನೆ. ಎತ್ತರದಲ್ಲಿ ದೇವರನ್ನಿಡುವುದೂ ಆ ಎತ್ತರ ಯಾರದೆಂದು ಸಾರುವುದೂ ಒಂದೇ ಕೆಲಸವಾಗಿತ್ತು.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. 642ರ ಹೊತ್ತಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಊರಿನ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿದ. ಹಾಗಾದರೆ ಕಾವಲಿನಿಂದ ಏನು ಸಿಕ್ಕಿತು? ಎತ್ತರ ಶತ್ರುವಿನ ಬರವನ್ನು ತೋರಿಸೀತು, ತಡೆಯಲು ದಂಡು ಬೇಕೇ ಬೇಕು ಎಂಬುದಷ್ಟೇ ಇದರ ಉತ್ತರ. ಗುಡ್ಡ ಕೆಲಸಕ್ಕೆ ಬಾರದ್ದಾಗಿದ್ದರೆ ಮುಂದೆ ಯಾರೂ ಅದಕ್ಕಾಗಿ ಕಾದಾಡುತ್ತಿರಲಿಲ್ಲ. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಟಿಪ್ಪುವಿನಿಂದ ಇದನ್ನು ಕಸಿದರು. 1818ರಲ್ಲಿ ಬ್ರಿಟಿಷ್ ಸೇನಾನಿ ಮನ್ರೋ ಮರಾಠರಿಂದ ಕಸಿದ. ಅಂಧ ನರಸಿಂಗರಾಯ ಅರಬರ ಪಡೆ ಕಟ್ಟಿಕೊಂಡು ಬ್ರಿಟಿಷರ ವಿರುದ್ಧ ಬಾದಾಮಿಯನ್ನು ಹಿಡಿದದ್ದು 1840ರ ಆಸುಪಾಸಿನಲ್ಲಿ.

ಆ ದಂಗೆ ಅಡಗಿ ಹೆಚ್ಚು ಕಾಲ ಕಳೆದಿರಲಿಲ್ಲ, 1855ರಲ್ಲಿ ಸೇನಾಧಿಕಾರಿ ಬಿಗ್ಸ್ ಕ್ಯಾಮೆರಾ ಹೊತ್ತು ಬಂದು ಬಾದಾಮಿ, ಐಹೊಳೆಗಳ ಫೋಟೊ ತೆಗೆದ. 1874ರಲ್ಲಿ ಪುರಾತತ್ವಜ್ಞ ಬರ್ಜೆಸ್‌ನ ಸಮೀಕ್ಷಾ ವರದಿ ಅಚ್ಚಾಯಿತು. ಗೆಲ್ಲಬೇಕಾದ ಗುಡ್ಡ ನೋಡಬೇಕಾದ ಗುಡ್ಡವಾದದ್ದು ಈ ಅವಧಿಯಲ್ಲಿ. ಆದರೂ ಜಾಗಗಳು ಬದಲಾಗಲಿಲ್ಲ. ಇಂದು ಜನ ಸೆಲ್ಫಿಗೆ ನಿಲ್ಲುವ ಅಂಚುಗಳು ಹಳೆಯ ಕಾವಲಿನವರು ನಿಂತ ಅಂಚುಗಳೇ; ಎಲ್ಲಿಂದ ಎಲ್ಲವೂ ಕಾಣುತ್ತದೆ ಎಂಬುದನ್ನು ಅವರು ನಮಗಿಂತ ಮೊದಲೇ ಲೆಕ್ಕ ಹಾಕಿದ್ದರು.