ಮರಳಿ ಬರುವ ಆಟಗಾರ ಮತ್ತು ಫೈಟಿಂಗ್ ಗೇಮ್‌ಗಳ ಬೆಳವಣಿಗೆ: ಒಂದು ಸಮೀಕ್ಷೆ

ಇಬ್ಬರು ಆಟಗಾರರು ತಲಾ ಒಂದು ಪಾತ್ರವನ್ನು ಆಡಿಸುತ್ತ, ಎದುರಿನವನ ಲೈಫ್, ಅಂದರೆ ಪರದೆಯ ಮೇಲ್ಭಾಗದಲ್ಲಿ ಪಟ್ಟಿಯಾಗಿ ಕಾಣುವ ಪ್ರಾಣಬಲ, ಮುಗಿಯುವವರೆಗೆ ಹೊಡೆದಾಡುವ ವಿಡಿಯೊ ಗೇಮ್‌ಗಳಿಗೆ ಫೈಟಿಂಗ್ ಗೇಮ್ ಎಂಬ ಹೆಸರು ನಿಂತಿದೆ. ಈ ಪ್ರಕಾರದ ಬಗ್ಗೆ ಬರುವ ಬರಹಗಳಲ್ಲಿ ಈಗ ಎರಡು ಮಾತುಗಳು ಚಾಲ್ತಿಯಲ್ಲಿವೆ. ಬೆರಳಿನ ವೇಗವೂ ಎಳೆಯ ವಯಸ್ಸಿನ ಚುರುಕೂ ಇದರ ಬಂಡವಾಳವಾದ್ದರಿಂದ ಹತ್ತಾರು ವರ್ಷ ಆಟ ಬಿಟ್ಟವರು ಮರಳಿ ಬಂದರೂ ನಿಲ್ಲಲಾರರು ಎಂಬುದು ಒಂದು ಮಾತು. ಅಂಥವರನ್ನು ಕರೆತರಬೇಕಾದರೆ ಗುಂಡಿಗಳನ್ನು ಕಡಿಮೆ ಮಾಡಿ ಆಟವನ್ನು ಸುಲಭಗೊಳಿಸಬೇಕು ಎಂಬುದು ಅದಕ್ಕೆ ಜೋಡಿಯಾಗಿ ಬರುವ ಇನ್ನೊಂದು. ಎರಡಕ್ಕೂ ಈ ಪ್ರಕಾರದ ಚರಿತ್ರೆಯಲ್ಲಿ ಆಧಾರ ಸಿಗುವುದು ಕಷ್ಟ. ಆ ಚರಿತ್ರೆಯನ್ನು ಚಿತ್ರಗಳ ಹೊಳಪಿನ ಏರಿಕೆಯಾಗಿ ಬರೆಯುವ ರೂಢಿಯೇ ತಪ್ಪು ತಿಳಿವಳಿಕೆಗೆ ಬಹುಮಟ್ಟಿಗೆ ಕಾರಣ. ಎದುರಾಳಿ ಎಲ್ಲಿ ಸಿಗುತ್ತಾನೆ, ಅವನನ್ನು ಹೇಗೆ ಅರಿಯಬೇಕಾಗುತ್ತದೆ ಎಂಬ ಎಳೆಯನ್ನು ಹಿಡಿದು ನೋಡಿದರೆ ಮರಳಿ ಬರುವ ಆಟಗಾರನ ಸ್ಥಾನ ಬೇರೆಯಾಗಿಯೇ ಕಾಣುತ್ತದೆ.

ಪೂರ್ವೇತಿಹಾಸವನ್ನು ಬೇಗ ದಾಟಬಹುದು. 1976ರಲ್ಲಿ ಸೆಗಾದ ಹೆವಿವೇಟ್ ಚಾಂಪ್ ಬಾಕ್ಸಿಂಗನ್ನು ಪರದೆಗೆ ತಂದಿತು. 1984ರ ಕರಾಟೆ ಚಾಂಪ್ ಒಬ್ಬೊಬ್ಬ ಆಟಗಾರನಿಗೂ ಎರಡು ಜಾಯ್‌ಸ್ಟಿಕ್ ಕೊಟ್ಟು ಕರಾಟೆಯ ಪಟ್ಟುಗಳನ್ನು ಹಾಕಿಸಿತು. 1987ರಲ್ಲಿ ತಕಾಶಿ ನಿಶಿಯಾಮ ಅವರ ನಿರ್ದೇಶನದಲ್ಲಿ ಕ್ಯಾಪ್‌ಕಾಮ್ ಹೊರತಂದ ಮೊದಲ ಸ್ಟ್ರೀಟ್ ಫೈಟರ್, ಜಾಯ್‌ಸ್ಟಿಕ್ಕನ್ನು ಗೊತ್ತಾದ ಕ್ರಮದಲ್ಲಿ ತಿರುಗಿಸಿ ಗುಂಡಿ ಒತ್ತಿದರೆ ವಿಶೇಷ ಪಟ್ಟು ಹೊಮ್ಮುವ ಪದ್ಧತಿಯನ್ನು ರೂಢಿಸಿತು. ಇವೆಲ್ಲ ಇಂದು ಸಂಗ್ರಹಕಾರರ ಆಸಕ್ತಿಯ ವಸ್ತುಗಳು.

ನಿಜವಾದ ಆರಂಭ 1991ರ ಸ್ಟ್ರೀಟ್ ಫೈಟರ್ 2. ಅಕಿರಾ ನಿಶಿತಾನಿ ಮತ್ತು ಅಕಿರಾ ಯಾಸುದಾ ರೂಪಿಸಿದ ಈ ಆಟದಲ್ಲಿ ಆಯ್ದುಕೊಳ್ಳಲು ಎಂಟು ಪಾತ್ರಗಳಿದ್ದವು. ಗುದ್ದಿಗೆ ಮೂರು, ಒದೆತಕ್ಕೆ ಮೂರು ಎಂದು ಆರು ಗುಂಡಿಗಳಿದ್ದು, ಹಗುರ ಹೊಡೆತ ಬೇಗ ಹೊರಟು ಕಡಿಮೆ ಪೆಟ್ಟು ಕೊಡುವ, ಭಾರದ ಹೊಡೆತ ತಡವಾಗಿ ಹೊರಟು ಹೆಚ್ಚು ಪೆಟ್ಟು ಕೊಡುವ ಲೆಕ್ಕಾಚಾರವಿತ್ತು. ಎದುರಾಳಿ ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ತಗಲುವ ಸರಣಿಗೆ ಕಾಂಬೊ ಎಂದು ಹೆಸರು. ತಯಾರಿಕೆಯ ಹಂತದಲ್ಲಿ ಅಕಸ್ಮಾತ್ತಾಗಿ ಕಂಡುಬಂದ ಅದನ್ನು ಹಾಗೆಯೇ ಉಳಿಸಲಾಯಿತು. ಜನಪ್ರಿಯ ಬರಹಗಳು ಕಾಂಬೊವನ್ನೇ ಈ ಆಟದ ಕೊಡುಗೆಯೆಂದು ಎತ್ತಿ ಹೇಳುತ್ತವೆ. ಅದಕ್ಕಿಂತ ಆಳವಾದ ಕೊಡುಗೆ ನೆಲದ ಮೇಲಿನ ಅಂತರದ ಆಟ, ಆಟಗಾರರ ಬಾಯಲ್ಲಿ ಫುಟ್‌ಸೀಸ್. ಎದುರಾಳಿಯ ಕಾಲು ತಲುಪುವ ಅಂಚಿನಲ್ಲಿ ಹಿಂದೆ ಮುಂದೆ ಸರಿಯುತ್ತ, ಅವನು ಒದೆಯಲೆಂದು ಆಸೆ ತೋರಿಸಿ, ಒದೆತ ಖಾಲಿ ಹೋದಾಗ ಚಾಚಿದ ಕಾಲು ಹಿಂದಕ್ಕೆ ಹೋಗುವ ಮೊದಲೇ ಹೊಡೆಯುವುದು ಇದರ ತಿರುಳು. ಆರ್ಕೇಡ್‌ಗಳಲ್ಲಿ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳಲ್ಲಿ, ಗೆದ್ದವನು ಕೂತೇ ಇರುವ, ಸೋತವನು ಎದ್ದು ಮತ್ತೆ ನಾಣ್ಯ ಹಾಕುವ ಪದ್ಧತಿಯಿದ್ದುದರಿಂದ ಎದುರಾಳಿಯ ಚಾಳಿಗಳನ್ನು ಗಮನಿಸುವುದು ದುಡ್ಡಿನ ಪ್ರಶ್ನೆಯೂ ಆಗಿತ್ತು.

ಮುಂದಿನ ಕೆಲವೇ ವರ್ಷಗಳಲ್ಲಿ ಪಂಥಗಳು ಕವಲೊಡೆದವು. ನಿಶಿಯಾಮ ಎಸ್‌ಎನ್‌ಕೆ ಸೇರಿ ಫೇಟಲ್ ಫ್ಯೂರಿಯನ್ನು ತಂದರು; ಅದೇ ಸಂಸ್ಥೆಯ ಕಿಂಗ್ ಆಫ್ ಫೈಟರ್ಸ್ 1994ರಿಂದ ಮೂವರ ತಂಡಗಳ ಕಾಳಗವನ್ನು ನೆಲೆಗೊಳಿಸಿತು. ಅಮೆರಿಕದ ಮಾರ್ಟಲ್ ಕಾಂಬ್ಯಾಟ್ (1992) ತನ್ನ ರಕ್ತಪಾತದಿಂದಾಗಿ 1993ರಲ್ಲಿ ಅಲ್ಲಿನ ಸೆನೆಟ್ ವಿಚಾರಣೆಗೆ ಗುರಿಯಾಗಿ, ಗೇಮ್‌ಗಳಿಗೆ ವಯಸ್ಸಿನ ಶ್ರೇಣಿ ನೀಡುವ ವ್ಯವಸ್ಥೆಗೆ ಕಾರಣವಾಯಿತು. ಆಟವಾಗಿ ಅದಕ್ಕೆ ಸಂದ ಗಮನ ಅದರ ಯೋಗ್ಯತೆಗಿಂತ ಹೆಚ್ಚೇ. ಸೆಗಾದಲ್ಲಿ ಯು ಸುಜುಕಿ ರೂಪಿಸಿದ ವರ್ಚುವಾ ಫೈಟರ್ (1993) ಮೂರು ಆಯಾಮದ ಆಕೃತಿಗಳನ್ನು ತಂದಿತು, ಅದನ್ನು ಹಿಂಬಾಲಿಸಿ 1994ರಲ್ಲಿ ನಾಮ್ಕೊದ ಟೆಕ್ಕೆನ್ ಬಂತು. ಎರಡು ಕೈ ಎರಡು ಕಾಲುಗಳಿಗೆ ಒಂದೊಂದು ಗುಂಡಿ ಎಂಬ ಟೆಕ್ಕೆನ್‌ನ ಏರ್ಪಾಟು ಯಾರಿಗಾದರೂ ಕೂಡಲೇ ಅರ್ಥವಾಗುವಂಥದು. ಭಾರತದ ವಿಡಿಯೊ ಗೇಮ್ ಅಂಗಡಿಗಳಲ್ಲಿ ಗಂಟೆಯ ಲೆಕ್ಕದಲ್ಲಿ ಆಡಿದ ಒಂದು ಇಡೀ ಪೀಳಿಗೆ ಈ ಪ್ರಕಾರವನ್ನು ಅರಿತದ್ದು ಟೆಕ್ಕೆನ್ 3ರ ಮೂಲಕ. ಒದೆತದ ಗುಂಡಿಗಳನ್ನು ಕಂಡಂತೆ ಒತ್ತಿದರೂ ಗೆಲ್ಲಿಸುತ್ತಿದ್ದ ಎಡ್ಡಿ ಎಂಬ ಪಾತ್ರದ ನೆನಪು ಆ ಪೀಳಿಗೆಗೆ ಇನ್ನೂ ಇದೆ.

ಅಂತರದ ಆಟದ ಪಂಥ ತನ್ನ ಎತ್ತರವನ್ನು ಮುಟ್ಟಿದ್ದು 1999ರ ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್‌ನಲ್ಲಿ. ಇಲ್ಲಿನ ಮುಖ್ಯ ಪಟ್ಟು ಪ್ಯಾರಿ: ಹೊಡೆತ ತಗಲುವ ಕ್ಷಣಕ್ಕೆ ಸರಿಯಾಗಿ ಜಾಯ್‌ಸ್ಟಿಕ್ಕನ್ನು ಮುಂದಕ್ಕೆ, ಅಂದರೆ ಎದುರಾಳಿಯ ಕಡೆಗೇ, ತಟ್ಟಿದರೆ ಪೆಟ್ಟು ನಿಷ್ಫಲವಾಗುತ್ತದೆ, ತಪ್ಪಿದರೆ ಪೂರ್ತಿ ಪೆಟ್ಟು ಬೀಳುತ್ತದೆ. 2004ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ಎವೋ ಸ್ಪರ್ಧೆಯಲ್ಲಿ ಜಪಾನಿನ ದೈಗೊ ಉಮೆಹಾರ ಅಮೆರಿಕದ ಜಸ್ಟಿನ್ ವಾಂಗ್ ಎದುರು ಆಡಿದ ಸುತ್ತು ಈ ಪ್ರಕಾರದ ಅತಿ ಪ್ರಸಿದ್ಧ ಘಟನೆ. ಉಮೆಹಾರ ಅವರ ಪಾತ್ರಕ್ಕೆ ಒಂದೆಳೆಯಷ್ಟು ಲೈಫ್ ಉಳಿದಿತ್ತು; ವಿಶೇಷ ಪಟ್ಟನ್ನು ತಡೆದರೂ ಸ್ವಲ್ಪ ಲೈಫ್ ಕರಗುವ ನಿಯಮವಿರುವುದರಿಂದ ಬರೀ ತಡೆಯುವುದೆಂದರೆ ಸೋಲುವುದೇ ಆಗಿತ್ತು. ವಾಂಗ್ ಹದಿನೈದು ಹೊಡೆತಗಳ ಮಹಾಪಟ್ಟನ್ನು ಬಿಟ್ಟಾಗ ಉಮೆಹಾರ ಒಂದೊಂದನ್ನೂ ಪ್ಯಾರಿ ಮಾಡಿ, ಕೊನೆಯ ಒದೆತವನ್ನು ಜಿಗಿದು ಗಾಳಿಯಲ್ಲಿ ನಿಷ್ಫಲಗೊಳಿಸಿ, ತಿರುಗಿ ಹೊಡೆದು ಗೆದ್ದರು. ಇದನ್ನು ಮಿಂಚಿನ ವೇಗದ ಪ್ರತಿಕ್ರಿಯೆಗೆ ಉದಾಹರಣೆಯಾಗಿ ತೋರಿಸುವವರು ಮುಖ್ಯ ಸಂಗತಿಯನ್ನೇ ಬಿಟ್ಟುಬಿಡುತ್ತಾರೆ. ಆ ಮಹಾಪಟ್ಟಿನ ಮೊದಲ ಹೊಡೆತವನ್ನು ಕಂಡ ಮೇಲೆ ತಟ್ಟಲು ಸಮಯವಿರುವುದಿಲ್ಲ. ವಾಂಗ್ ಆ ಗಳಿಗೆಯಲ್ಲಿ ಅದನ್ನು ಬಿಡುತ್ತಾರೆಂದು ಮೊದಲೇ ಊಹಿಸಿರಬೇಕಾಗುತ್ತದೆ. ಅಲ್ಲಿ ಗೆದ್ದದ್ದು ಎದುರಾಳಿಯ ಮನಸ್ಸನ್ನು ಅರಿತ ಬಗೆ.

ಇದರ ಹಿಂದಿನ ಗಣಿತ ಸರಳವಾದದ್ದು. ಈ ಆಟಗಳು ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ. ಒಂದೊಂದು ಚಿತ್ರವೂ ಒಂದು ಫ್ರೇಮ್, ಸುಮಾರು 16.7 ಮಿಲಿಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗದಿಂದ ಕಾಲು ಭಾಗ, ಅಂದರೆ 12ರಿಂದ 15 ಫ್ರೇಮ್ ಬೇಕು. ಹಗುರವಾದ ಗುದ್ದು ನಾಲ್ಕೈದು ಫ್ರೇಮ್‌ಗಳಲ್ಲಿ ತಗಲುತ್ತದೆ. ಹದಿನೆಂಟರ ಹುಡುಗನೂ ಅದನ್ನು ನೋಡಿ ತಡೆಯಲಾರ, ಮೊದಲೇ ನಿರ್ಧರಿಸಿರಬೇಕು. ನೋಡಿ ಉತ್ತರಿಸಬಹುದಾದ ಜಿಗಿತಗಳೂ ನಿಧಾನದ ಭಾರಿ ಹೊಡೆತಗಳೂ ನಲವತ್ತು ದಾಟಿದವರ ಕೈಗೂ ಎಟುಕುವಷ್ಟು ತಡವಾಗಿ ಬರುತ್ತವೆ. ಸ್ಟಾರ್‌ಕ್ರಾಫ್ಟ್ 2 ಆಡುವ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕುರಿತು 2014ರಲ್ಲಿ ಕೆನಡಾದ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನ 24ನೆಯ ವಯಸ್ಸಿನಿಂದ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂದು ತೋರಿಸಿತ್ತು. ಅದು ಬೇರೆ ಪ್ರಕಾರದ ಆಟ; ಹಿರಿಯ ಆಟಗಾರರು ಬೇರೆ ಉಪಾಯಗಳಿಂದ ಆ ಕೊರತೆಯನ್ನು ತುಂಬಿಕೊಳ್ಳುವ ಸೂಚನೆಯೂ ಅದೇ ಅಧ್ಯಯನದಲ್ಲಿದೆ, ಅದನ್ನು ಉಲ್ಲೇಖಿಸುವವರು ಮಾತ್ರ ಈ ಭಾಗವನ್ನು ಸಾಮಾನ್ಯವಾಗಿ ಬಿಡುತ್ತಾರೆ. 2023ರಲ್ಲಿ ಹಾಂಗ್‌ಜೌ ಏಷ್ಯನ್ ಕ್ರೀಡಾಕೂಟದ ಸ್ಟ್ರೀಟ್ ಫೈಟರ್ 5 ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ.

ಥರ್ಡ್ ಸ್ಟ್ರೈಕ್ ನಂತರದ ದಶಕ ಇಳಿಗಾಲ. ಅಮೆರಿಕದಲ್ಲಿ ಆರ್ಕೇಡ್‌ಗಳು ಮುಚ್ಚುತ್ತ ಹೋದವು, ಎಸ್‌ಎನ್‌ಕೆ 2001ರಲ್ಲಿ ದಿವಾಳಿಯಾಯಿತು. ಜನ ಆಟ ಬಿಟ್ಟದ್ದು ಅದು ಕಠಿಣವಾಗಿದ್ದುದರಿಂದ ಎಂಬ ವಿವರಣೆ ಆಮೇಲೆ ಹುಟ್ಟಿದ್ದು. ಎದುರಾಳಿ ಸಿಗುವ ಜಾಗವೇ ಇಲ್ಲವಾದದ್ದು ಅದಕ್ಕಿಂತ ದೊಡ್ಡ ಕಾರಣ. ಉಮೆಹಾರ ಅವರೂ ಆಗ ಆಟ ಬಿಟ್ಟರು. ಕೆಲವು ವರ್ಷ ಮಾಜಾಂಗ್ ಎಂಬ ಬಿಲ್ಲೆಯಾಟದಲ್ಲಿ ತೊಡಗಿ, ಬಳಿಕ ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದರು. ಯೋಶಿನೋರಿ ಓನೊ ನಿರ್ಮಾಣದ ಸ್ಟ್ರೀಟ್ ಫೈಟರ್ 4 ಜಪಾನಿನ ಆರ್ಕೇಡ್‌ಗಳಿಗೆ 2008ರಲ್ಲಿ ಬಂದಾಗ ಅವರು ಮರಳಿದರು, 2009 ಮತ್ತು 2010ರಲ್ಲಿ ಸಾಲಾಗಿ ಎವೋ ಗೆದ್ದರು.

ಆ ಮರಳುವಿಕೆ ಅವರೊಬ್ಬರದಾಗಿರಲಿಲ್ಲ. ಸ್ಟ್ರೀಟ್ ಫೈಟರ್ 4 ಹಳೆಯ ಆರು ಗುಂಡಿಗಳನ್ನೂ ಸ್ಟ್ರೀಟ್ ಫೈಟರ್ 2ರ ಪಾತ್ರಗಳನ್ನೂ ಉಳಿಸಿಕೊಂಡು, ಆಕೃತಿಗಳು ಮೂರು ಆಯಾಮದವಾದರೂ ಆಟವನ್ನು ಒಂದೇ ಸಮತಲದಲ್ಲಿ ಇರಿಸಿತ್ತು. ಹದಿನೈದು ವರ್ಷ ದೂರವಿದ್ದವನ ಕೈಗೆ ರಿಯೂ ಎಂಬ ಪಾತ್ರದ ಬೆಂಕಿಯುಂಡೆಯನ್ನು ಬಿಡುವ ಕ್ರಮ ಅಂದಿನಂತೆಯೇ ಒದಗುತ್ತಿತ್ತು. ಹಳೆಯ ಪೈಲ್ವಾನ ಗರಡಿಗೆ ಮರಳಿದಾಗ ಉಸಿರು ಸಾಲದಿದ್ದರೂ ಹಿಡಿತ ಕೈಬಿಟ್ಟಿರುವುದಿಲ್ಲ, ಇಲ್ಲಿಯೂ ಹಾಗೆಯೇ. ಮರಳಿದವನು ಕಳೆದುಕೊಂಡಿರುವುದು ಹೊಸ ಪಾತ್ರಗಳ ಪರಿಚಯ, ಯಾವ ಹೊಡೆತವನ್ನು ತಡೆದ ಮೇಲೆ ತನ್ನ ಸರದಿ ಎಂಬ ತಿಳಿವಳಿಕೆ, ಈಚಿನ ಬದಲಾವಣೆಗಳ ಲೆಕ್ಕ. ಇವೆಲ್ಲ ಕೆಲವು ತಿಂಗಳ ಅಭ್ಯಾಸದಿಂದ ಮತ್ತೆ ಬರುವಂಥವು. ಎಷ್ಟು ದೂರ ನಿಲ್ಲಬೇಕು, ಎದುರಾಳಿ ಯಾವಾಗ ಹೆದರಿ ಜಿಗಿಯುತ್ತಾನೆ ಎಂಬ ಅರಿವು ಅಷ್ಟು ಬೇಗ ಮಾಸುವುದಿಲ್ಲ. ಸ್ಟ್ರೀಟ್ ಫೈಟರ್ 4ಕ್ಕೂ ದೋಷವಿತ್ತು: ಮುಂದಿನ ಗುಂಡಿಯನ್ನು ಸೆಕೆಂಡಿನ ಅರುವತ್ತನೆಯ ಒಂದು ಭಾಗದೊಳಗೇ ಒತ್ತಬೇಕಾದ ಕಾಂಬೊಗಳಿಗೆ ಅದು ಅತಿಯಾದ ಬೆಲೆ ಕೊಟ್ಟಿತು, ಮರಳಿದ ಅನೇಕರು ಎದುರಾಳಿಯನ್ನು ಬಿಟ್ಟು ಒಬ್ಬರೇ ಕೂತು ಬೆರಳು ಪಳಗಿಸುವುದರಲ್ಲೇ ಸೋತುಹೋದರು.

ಎದುರಾಳಿಯನ್ನು ಮನೆಗೇ ತಂದದ್ದು ಅಂತರ್ಜಾಲ, ಆದರೆ ಬಹುಕಾಲ ಅರೆಮನಸ್ಸಿನಿಂದ. ಹಳೆಯ ವಿಧಾನದಲ್ಲಿ ಎದುರಾಳಿ ಒತ್ತಿದ ಗುಂಡಿಯ ಸುದ್ದಿ ಬರುವವರೆಗೆ ಆಟ ಕಾಯುತ್ತಿತ್ತು. ಹೀಗಾಗಿ ತನ್ನ ಗುಂಡಿಯೂ ತಡವಾಗಿ ಕೆಲಸ ಮಾಡಿ ಅಂತರದ ಆಟ ಅಸಾಧ್ಯವಾಗುತ್ತಿತ್ತು. ಎವೋದ ಸ್ಥಾಪಕರಲ್ಲೊಬ್ಬರಾದ ಟೋನಿ ಕ್ಯಾನನ್ 2006ರ ಸುಮಾರಿಗೆ ಜಿಜಿಪಿಒ ಎಂಬ ತಂತ್ರಾಂಶದ ಮೂಲಕ ರೋಲ್‌ಬ್ಯಾಕ್ ವಿಧಾನವನ್ನು ಈ ಪ್ರಕಾರಕ್ಕೆ ತಂದರು. ಇಲ್ಲಿ ಆಟ ಕಾಯುವುದಿಲ್ಲ. ಎದುರಾಳಿ ಏನು ಒತ್ತಿರಬಹುದೆಂದು ಊಹಿಸಿ ಮುಂದುವರಿಯುತ್ತದೆ, ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ನಿಜವಾದದ್ದನ್ನು ಲೆಕ್ಕಹಾಕಿ ಕಣ್ಣಿಗೆ ಅಷ್ಟಾಗಿ ಕಾಣದಂತೆ ಸರಿಪಡಿಸುತ್ತದೆ. ಅಭಿಮಾನಿಗಳ ವಲಯದಲ್ಲಿ ಬೇರೂರಿದ್ದ ಈ ವಿಧಾನವನ್ನು ಜಪಾನಿನ ಹೆಚ್ಚಿನ ತಯಾರಕರು ಗಂಭೀರವಾಗಿ ಸ್ವೀಕರಿಸಿದ್ದು ಕೋವಿಡ್‌ನಿಂದ 2020ರ ಎವೋ ರದ್ದಾದ ಮೇಲೆ. 2021ರ ಗಿಲ್ಟಿ ಗೇರ್ ಸ್ಟ್ರೈವ್ ಈ ವಿಧಾನದೊಂದಿಗೇ ಬಂತು. ಈ ಪ್ರಕಾರಕ್ಕೆ ಮರಳಿ ಬರುವವರಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಬೇರಾವ ಆವಿಷ್ಕಾರವೂ ಮಾಡಿಲ್ಲ.

2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6ರ ಯಶಸ್ಸನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದರ ಮಾಡರ್ನ್ ಎಂಬ ನಿಯಂತ್ರಣ ಕ್ರಮದಲ್ಲಿ ವಿಶೇಷ ಪಟ್ಟುಗಳು ಒಂದೇ ಗುಂಡಿಗೆ ಬರುತ್ತವೆ. ಬದಲಿಗೆ ಅವುಗಳ ಪೆಟ್ಟು ಶೇ. 20ರಷ್ಟು ಕಡಿಮೆ, ಸಾಮಾನ್ಯ ಹೊಡೆತಗಳ ಆಯ್ಕೆಯೂ ಮೊಟಕು. ಕೈಗೆ ತೊಂದರೆಯಿರುವವರಿಗೆ, ಹೊಸಬರಿಗೆ ಇದು ಒಳ್ಳೆಯ ಬಾಗಿಲು, ಅದನ್ನು ಹೀಗಳೆಯುವುದು ಸಣ್ಣತನ. ಆದರೆ ಆ ವರ್ಷ ಎವೋದಲ್ಲಿ ಈ ಒಂದೇ ಆಟಕ್ಕೆ 7,000ಕ್ಕೂ ಹೆಚ್ಚು ಸ್ಪರ್ಧಿಗಳು ಸೇರಿದ್ದಕ್ಕೆ ಅದೊಂದನ್ನೇ ಕಾರಣವಾಗಿ ಹೇಳುವುದು ಸರಿಯಲ್ಲ. ಉತ್ತಮ ರೋಲ್‌ಬ್ಯಾಕ್, ಸಮಬಲರನ್ನು ಜೋಡಿಸುವ ಶ್ರೇಣಿ ವ್ಯವಸ್ಥೆ, ಸುತ್ತು ಶುರುವಾಗುವಾಗಲೇ ತುಂಬಿರುವ ಡ್ರೈವ್ ಎಂಬ ಶಕ್ತಿಪಟ್ಟಿಯನ್ನು ಎಲ್ಲಿ ಖರ್ಚು ಮಾಡಬೇಕೆಂಬ ಚಿಂತನೆ, ಇವು ಮರಳಿದವನನ್ನು ಉಳಿಸಿಕೊಂಡವು.

ಇನ್ನು ಕೊರತೆಗಳು. ಲಾಹೋರಿನ ಅರ್ಸಲಾನ್ ಆಶ್ 2019ರಲ್ಲಿ ಎವೋ ಜಪಾನ್ ಮತ್ತು ಎವೋ ಎರಡನ್ನೂ ಟೆಕ್ಕೆನ್ 7ರಲ್ಲಿ ಗೆದ್ದಾಗ ಜಪಾನ್, ಕೊರಿಯಾ, ಅಮೆರಿಕಗಳಾಚೆಗೂ ಗಟ್ಟಿಯಾದ ಪರಂಪರೆಗಳಿವೆಯೆಂದು ಜಗತ್ತಿಗೆ ತಿಳಿಯಿತು. ಆದರೂ ದಕ್ಷಿಣ ಏಷ್ಯಾದ ಆಟದ ಅಂಗಡಿಗಳ ಚರಿತ್ರೆಗೆ ಇಂದಿಗೂ ತಕ್ಕ ಗಮನ ಸಂದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಟೆಕ್ಕೆನ್ 3 ಆಡಿ ಬೆಳೆದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಆಟ ಬಿಟ್ಟು ಮರಳಬಹುದಾದವರ ದೊಡ್ಡ ಗುಂಪು ಅದೇ ಆಗಿದ್ದರೂ ಅವರನ್ನು ಗಣನೆಗೆ ತೆಗೆದುಕೊಂಡ ಬರಹಗಳು ವಿರಳ.

ಕಲಿಸುವ ಬಗೆಯಲ್ಲಿರುವ ಕೊರತೆ ಇನ್ನೂ ತೀವ್ರವಾದದ್ದು. ಇಂದಿನ ಆಟಗಳ ತರಬೇತಿ ವಿಭಾಗಗಳು ಫ್ರೇಮ್‌ಗಳನ್ನು ಬಣ್ಣದ ಪಟ್ಟಿಯಾಗಿ ತೋರಿಸುತ್ತವೆ, ಉದ್ದುದ್ದ ಕಾಂಬೊಗಳ ಪಾಠ ಮಾಡುತ್ತವೆ. ಎದುರಾಳಿಯ ಚಾಳಿಯನ್ನು ಗುರುತಿಸುವ ಪಾಠ ಅವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 2024ರ ಟೆಕ್ಕೆನ್ 8 ಸೋತ ಪಂದ್ಯದ ಮರುಪ್ರಸಾರದ ನಡುವೆ ಆಟಗಾರನಿಗೆ ಮತ್ತೆ ನಿಯಂತ್ರಣ ಕೊಟ್ಟು, ಅಲ್ಲಿ ಏನು ಮಾಡಬಹುದಿತ್ತೆಂದು ಸೂಚಿಸುತ್ತದೆ. ಆಟಗಾರನ ಶೈಲಿಯನ್ನು ಕಲಿತು ಅವನಂತೆಯೇ ಆಡುವ ಛಾಯಾ ಎದುರಾಳಿಯೂ ಅದರಲ್ಲಿದೆ. ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆಗಳಿವು. ಆದರೆ ಆ ಸೂಚನೆಗಳು ಯಾವ ಹೊಡೆತಕ್ಕೆ ಯಾವುದು ಉತ್ತರ ಎಂಬಲ್ಲಿಗೆ ನಿಲ್ಲುತ್ತವೆ. ಮೂರು ಸಲ ಹಿಂದೆ ಸರಿದ ಎದುರಾಳಿ ನಾಲ್ಕನೆಯ ಸಲ ಏಕೆ ಜಿಗಿದ, ಅದನ್ನು ಮೂರನೆಯ ಸಲವೇ ಹೇಗೆ ಊಹಿಸಬಹುದಿತ್ತು ಎಂಬ ಪಾಠವನ್ನು ಮರಳಿ ಬಂದವನು ಈಗಲೂ ಇನ್ನೊಬ್ಬ ಆಟಗಾರನ ಎದುರು ಕೂತೇ ಕಲಿಯಬೇಕಾಗಿದೆ.